ಮೇಲಿನ ಮನೆ

ಅವರ ಬಲಗೈಯ ನಡುಬೆರಳಿನಲ್ಲಿ, ಉಗುರಿನಿಂದ ಸ್ವಲ್ಪ ಕೆಳಗೆ, ಒಂದು ಕಡಲೆಬೇಳೆ ಕೂರುವಷ್ಟು ಗುಳಿಯಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಯಿಪೆನ್ನು ಒತ್ತಿ ಒತ್ತಿ ಬಿದ್ದ ಗುಳಿ. ಅದರ ತಳದಲ್ಲಿ ಕಪ್ಪು ಉಳಿದೇ ಹೋಗಿತ್ತು, ಯಾವ ಸಾಬೂನಿಗೂ ಹೋಗುತ್ತಿರಲಿಲ್ಲವಂತೆ. ಮೌಸ್ ಹಿಡಿದಾಗ ಆ ಬೆರಳಿಗೆ ತನ್ನ ಕೆಲಸವೇನೆಂದು ತಿಳಿಯುತ್ತಿರಲಿಲ್ಲ, ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತಿತ್ತು. ನಾವು ಹಿಂದಿನ ಸಾಲಿನಲ್ಲಿ ಕೂತು ಬೆರಳು ಹಾಗೆಯೇ ಎತ್ತಿ ತೋರಿಸಿ ಒಬ್ಬರನ್ನೊಬ್ಬರು ನಗಿಸುತ್ತಿದ್ದೆವು.

ಎದುರಿಗೆ ಅವರು ನಮಗೆ ಸರ್. ಬೆನ್ನ ಹಿಂದೆ ನಕ್ಷೆ ಮಾಸ್ಟ್ರು. ಸರ್ವೆ ಕಚೇರಿಯಲ್ಲಿ ಕೈಯಿಂದ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು, ಆಮೇಲೆ ಹಟಕ್ಕೆ ಬಿದ್ದು ಕಂಪ್ಯೂಟರ್ ಕಲಿತವರು. ಮಣಿಪಾಲದ ಒಂದು ಸಣ್ಣ ತರಬೇತಿ ಕೇಂದ್ರಕ್ಕೆ ವಾರದಲ್ಲಿ ನಾಲ್ಕು ದಿನ ಉಡುಪಿಯಿಂದ ಸಿಟಿ ಬಸ್ಸು ಹತ್ತಿ ಬಂದು ನಮಗೆ ಜಿಐಎಸ್ ಹೇಳಿಕೊಡುತ್ತಿದ್ದರು. ನಾನು ಕಾರ್ಕಳದಿಂದ ಬರುತ್ತಿದ್ದೆ. ಈ ಜಿಐಎಸ್ ಎಂದರೇನೆಂದು ಅಮ್ಮ ಕೇಳಿದಾಗ ಬಹಳ ಜಂಬದಿಂದ ವಿವರಿಸಿದ್ದೆ: ಕಂಪ್ಯೂಟರಿನಲ್ಲಿ ಒಂದು ನಕ್ಷೆಯ ಮೇಲೆ ಇನ್ನೊಂದನ್ನು ಲೇಯರ್ ಲೇಯರಾಗಿ ಹಾಸುವುದು, ಒಂದರಲ್ಲಿ ರಸ್ತೆ, ಒಂದರಲ್ಲಿ ಹೊಳೆ, ಇನ್ನೊಂದರಲ್ಲಿ ಮನೆಗಳು; ಎಲ್ಲವನ್ನೂ ಒಟ್ಟಿಗೆ ನೋಡಿದರೆ ಮಳೆಗಾಲದಲ್ಲಿ ಯಾವ ಮನೆಗೆ ನೀರು ನುಗ್ಗುತ್ತದೆಂದು ಮೊದಲೇ ಹೇಳಬಹುದು. ಅಮ್ಮ ಮೀನು ಕೊಯ್ಯುತ್ತಲೇ, "ಅದು ಆ ಮನೆಯವರಿಗೆ ಮೊದಲೇ ಗೊತ್ತುಂಟಲ್ಲ" ಎಂದಳು.

ಇದನ್ನು ಮಾಸ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನಕ್ಕರು.

"ನಾಳೆಯಿಂದ ನಿನ್ನ ಅಮ್ಮನನ್ನು ಕ್ಲಾಸಿಗೆ ಕಳಿಸು ಮಾರಾಯ್ತಿ. ನೀನು ಮನೆಯಲ್ಲಿ ಮೀನು ಕೊಯ್ಯಿ."

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಕಂಪ್ಯೂಟರಿನಲ್ಲಿ ಯಾವ ನಕ್ಷೆ ತೆರೆದರೂ ಬಡಗು, ಅಂದರೆ ಉತ್ತರ ದಿಕ್ಕು, ಮೇಲಿರುತ್ತದೆ. ಶಾಲೆಯ ಗೋಡೆಯ ನಕ್ಷೆಯೂ ಹಾಗೆಯೇ. ಮಾಸ್ಟ್ರು ಬಂದು ಕೂತವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅದನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮೂಡನ್ನು, ಅಂದರೆ ಪೂರ್ವವನ್ನು, ಮೇಲಕ್ಕೆ ತರುವುದು. ಆಗ ಘಟ್ಟ ಸ್ಕ್ರೀನಿನ ನೆತ್ತಿಯಲ್ಲಿ ಬರುತ್ತಿತ್ತು, ಅದರ ಕೆಳಗೆ ಹೆಬ್ರಿ, ಕಾರ್ಕಳ, ಇನ್ನೂ ಕೆಳಗೆ ಉಡುಪಿ, ಎಲ್ಲಕ್ಕಿಂತ ಅಡಿಯಲ್ಲಿ ಕಡಲು. ಯಾಕೆ ಸರ್ ಎಂದು ಕೇಳಿದರೆ, "ನಮ್ಮ ಹೊಳೆ ಅಡ್ಡ ಹರಿಯುವುದಾ? ಮೇಲಿನಿಂದ ಕೆಳಗೆ ಬರುವುದಲ್ವಾ? ಹಾಗೆ ಕಾಣಬೇಕು" ಎನ್ನುತ್ತಿದ್ದರು. ಅವರ ಬಸ್ಸು ಹೊರಟಿತೆಂದು ಖಾತ್ರಿಯಾದ ಮೇಲೆ ನಾನು ಒಂದು ಬಟನ್ ಒತ್ತಿ ಬಡಗನ್ನು ಮತ್ತೆ ಮೇಲಕ್ಕೆ ತರುತ್ತಿದ್ದೆ. ಮಾಸ್ಟ್ರು ಭೂಮಿ ತಿರುಗಿಸಿಟ್ಟು ಹೋಗಿದ್ದಾರೆ ಎನ್ನುವುದು ನಮ್ಮ ಲ್ಯಾಬಿನ ನಿತ್ಯದ ತಮಾಷೆ. ಆ ತಮಾಷೆ ಮೊದಲು ಮಾಡಿದವಳು ನಾನೇ.

ಇನ್ನೊಂದು ಅವರ ಪ್ರಶ್ನೆ. ನಾವು ಎಷ್ಟು ಚೆಂದದ ನಕ್ಷೆ ಮಾಡಿ ತೋರಿಸಿದರೂ ಬಣ್ಣ ನೋಡುತ್ತಿರಲಿಲ್ಲ, ಅಕ್ಷರ ನೋಡುತ್ತಿರಲಿಲ್ಲ. "ನಡೆದು ನೋಡಿದೆಯಾ?" ಅಷ್ಟೇ. ಇಲ್ಲವೆಂದರೆ ಹಾಳೆ ನಮ್ಮ ಕೈಗೇ ವಾಪಸು.

ಮೊದಲ ಸಲ ಅದು ನನಗೆ ತಾಗಿದ್ದು ಕಾರ್ಕಳದ ನಕ್ಷೆಯಲ್ಲಿ. ಊರಿನ ಹೊರಗಿರುವ ಒಂದು ಕಾಲನಿಯಿಂದ ಆಸ್ಪತ್ರೆಗೆ ಬೇಗ ತಲುಪುವ ದಾರಿ ಯಾವುದೆಂದು ಕಂಡುಹಿಡಿಯುವ ಕೆಲಸ. ನನ್ನ ಸ್ವಂತ ಊರು, ಕೇಳಬೇಕೇ? ಕಂಪ್ಯೂಟರು ತೋರಿಸಿದ ಹತ್ತಿರದ ದಾರಿಗೆ ಕೆಂಪು ಗೆರೆ ಎಳೆದು, ಹದಿನಾಲ್ಕು ನಿಮಿಷ ಎಂದು ಬರೆದುಕೊಟ್ಟೆ. ಶನಿವಾರ ಮಾಸ್ಟ್ರು ಛತ್ರಿ ಹಿಡಿದು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಹಾಜರ್. ಕೆಂಪು ಗೆರೆಯ ಮೇಲೆಯೇ ಇಬ್ಬರೂ ನಡೆದೆವು. ಅರ್ಧ ದಾರಿಯಲ್ಲಿ ಕಲ್ಲು ಕಡಿಯುವ ಒಂದು ಕೋರೆಯ ಗೇಟು ಬಂತು, ಗೇಟಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ರಸ್ತೆ ಗೇಟಿನ ಆಚೆಗೂ ಇತ್ತು, ಆಕಾಶದಿಂದ ನೋಡಿದರೆ ನೇರ ಇತ್ತು.

"ಈ ಬೀಗ ನಿನ್ನ ಯಾವ ಲೇಯರಿನಲ್ಲಿ ಉಂಟು?" ಎಂದರು.

ನಾನು ಮುಖ ಊದಿಸಿಕೊಂಡೆ. ಅಲ್ಲೇ ಕಟ್ಟಿಗೆ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿ, ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಹೇಗೆ ಹೋಗುತ್ತೀರಿ ಎಂದು ತುಳುವಿನಲ್ಲಿ ಕೇಳಿದರು. ಭಾವ ರಿಕ್ಷಾ ತಂದರೆ ಹೋಗುವುದು, ತರದಿದ್ದರೆ ಇಲ್ಲ ಎಂದಳು ಆಕೆ. ಮಾಸ್ಟ್ರು ನನ್ನ ಕಡೆ ತಿರುಗಿ, "ಬರೆದುಕೋ" ಎಂದರು. ಭಾವನನ್ನು ನಕ್ಷೆಯಲ್ಲಿ ಎಲ್ಲಿ ಹಾಕುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೀಗವನ್ನು ಮಾತ್ರ ಹಾಕಿದೆ. ಮುಂದಿನ ಎರಡು ತಿಂಗಳು ಕಾರ್ಕಳದ ಸುತ್ತಮುತ್ತ ಅಲೆದು, ದಾರಿಗೆ ಅಡ್ಡ ಇರುವ ಗೇಟು ಬೀಗಗಳದೇ ಒಂದು ಲೇಯರ್ ಮಾಡಿದೆ. ಅದಕ್ಕೆ 'ಬೀಗಗಳು' ಎಂದೇ ಹೆಸರು. ಮಾಸ್ಟ್ರು ಅದನ್ನು ಹೊಸ ಬ್ಯಾಚಿನವರಿಗೆಲ್ಲ ತೋರಿಸುತ್ತಿದ್ದರು. ನಾನು ಆಗ ಅವರಿಗೆ ಸಹಾಯಕಿಯಾಗಿ ಅಲ್ಲೇ ಕೆಲಸಕ್ಕೆ ಸೇರಿದ್ದೆ. ಇವಳು ನಡೆಯುವವಳು ಎಂದು ನನ್ನನ್ನು ಪರಿಚಯಿಸುತ್ತಿದ್ದರು. ಈ ಮಾತು ನೆನಪಾದರೆ ಈಗ ಎಲ್ಲಿ ಮುಖ ಇಡಬೇಕೋ ತಿಳಿಯುವುದಿಲ್ಲ.

ಕಾಪು ತಾಲೂಕಿನಲ್ಲಿ ಕಡಲಿಗೂ ಹೊಳೆಗೂ ನಡುವೆ ಉದ್ದಕ್ಕೆ ಮಲಗಿರುವ ಒಂದು ಊರು ಉಂಟು. ಪಡುಬದಿಯಲ್ಲಿ ಕಡಲು, ಮೂಡುಬದಿಯಲ್ಲಿ ಹೊಳೆ, ನಡುವೆ ಒಂದೇ ರಸ್ತೆ. ಮಳೆಗಾಲದಲ್ಲಿ ಹೊಳೆ ತುಂಬಿ, ಅದೇ ಹೊತ್ತಿಗೆ ಕಡಲೂ ಉಬ್ಬಿದರೆ ನೀರಿಗೆ ಹೋಗಲು ಜಾಗವಿಲ್ಲ. ಆ ಊರಿನಲ್ಲಿ ತಾವಾಗಿ ಎದ್ದು ಹೊರಗೆ ಬರಲಾರದವರು ಯಾರ್ಯಾರಿದ್ದಾರೆ, ಅವರ ಮನೆ ಎಲ್ಲಿ ಎಂಬ ನಕ್ಷೆಯೊಂದು ತಾಲೂಕು ಕಚೇರಿಗೆ ಬೇಕಾಗಿತ್ತು. ನೀರು ಬಂದ ದಿನ ದೋಣಿಯವರು ಮೊದಲು ಅಲ್ಲಿಗೆ ಹೋಗಬೇಕು. ಇಷ್ಟು ವರ್ಷ ಕಲಿತದ್ದು ಒಬ್ಬರ ಪ್ರಾಣಕ್ಕೆ ಒದಗುವ ಕೆಲಸ ಇದು ಎಂದು ಮಾಸ್ಟ್ರು ಅದನ್ನು ಒಪ್ಪಿಕೊಂಡು ನನಗೆ ಕೊಟ್ಟರು.

ಊರಿನ ಆಶಾ ಕಾರ್ಯಕರ್ತೆ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಹತ್ತೊಂಬತ್ತು ಮನೆಗಳ ಪಟ್ಟಿ ಬರೆದುಕೊಟ್ಟಿದ್ದರು. ನಾನು ಜಿಪಿಎಸ್ ಹಿಡಿದು ಒಂದೊಂದೇ ಮನೆಯ ಅಂಗಳದಲ್ಲಿ ನಿಂತು ಜಾಗ ಗುರುತು ಮಾಡಿದೆ. ಹದಿನೆಂಟು ಮನೆ ಆಯಿತು. ಅಷ್ಟರಲ್ಲಿ ಮಳೆ ಹಿಡಿಯಿತು, ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಕಾಪುವಿನಿಂದ ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು. ಉಳಿದದ್ದು ಒಂದು. ಹಾಳೆಯಲ್ಲಿ ಹೀಗಿತ್ತು: 'ಭಜನಾ ಮಂದಿರದ ಮೇಲಿನ ಮನೆ. ಗಂಡ ಹೆಂಡತಿ ಇಬ್ಬರೇ. ಹೆಂಡತಿ ಹಾಸಿಗೆಯಲ್ಲಿ.' ಭಜನಾ ಮಂದಿರ ಗೊತ್ತಿತ್ತು. ಲ್ಯಾಬಿಗೆ ಹೋಗಿ ಉಪಗ್ರಹದ ಚಿತ್ರ ನೋಡಿ ಹಾಕಿದರಾಯಿತು ಅಂದುಕೊಂಡು ಬಸ್ಸು ಹತ್ತಿದೆ.

ಮರುದಿನ ಚಿತ್ರ ತೆರೆದೆ. ಭಜನಾ ಮಂದಿರದ ಹತ್ತಿರ ಎರಡು ಮನೆಗಳಿದ್ದವು. ಒಂದು ಬಡಗಿಗೆ, ಸ್ಕ್ರೀನಿನಲ್ಲಿ ಮಂದಿರದ ನೇರ ಮೇಲೆ. ಇನ್ನೊಂದು ಮೂಡಿಗೆ, ಹೊಳೆಯ ಅಂಚಿನಲ್ಲಿ, ತೆಂಗಿನ ಮರಗಳ ನಡುವೆ ಅರ್ಧ ಅಡಗಿಕೊಂಡಿತ್ತು. ನಾನು ಬೇಜವಾಬ್ದಾರಿಯವಳಲ್ಲ, ಬುದ್ಧಿವಂತೆ, ಅದೇ ತೊಂದರೆ. ನೆಲದ ಎತ್ತರ ತೋರಿಸುವ ಲೇಯರನ್ನೂ ಹಾಕಿ ನೋಡಿದೆ. ಬಡಗಿನ ಮನೆಯ ನೆಲ ಮಂದಿರಕ್ಕಿಂತ ಒಂದಡಿ ಎತ್ತರ, ಹೊಳೆಯ ಬದಿಯ ಮನೆ ತಗ್ಗಿನಲ್ಲಿ. ಮೇಲಿನ ಮನೆ ಯಾವುದೆಂದು ಇನ್ನು ಅನುಮಾನವೇ ಇಲ್ಲ. ಬಡಗಿನ ಮನೆಯ ಮೇಲೆ ಕೆಂಪು ಚುಕ್ಕೆ ಇಟ್ಟೆ. 'ಸ್ಥಳಕ್ಕೆ ಭೇಟಿ' ಎಂಬ ಕಾಲಮ್ಮಿನಲ್ಲಿ ಉಳಿದ ಹದಿನೆಂಟಕ್ಕೆ ಬರೆದಂತೆ ಇದಕ್ಕೂ 'ಹೌದು' ಎಂದು ಬರೆದೆ.

ಆ ವರ್ಷ ಮಾಸ್ಟ್ರ ಮೊಣಕಾಲು ಕೆಟ್ಟಿತ್ತು. ಲ್ಯಾಬಿನ ಎರಡು ಮಹಡಿ ಹತ್ತುವುದೇ ಅವರಿಗೆ ಸಾಕುಬೇಕಾಗುತ್ತಿತ್ತು. ನಾನು ನಕ್ಷೆ ಮುಂದಿಟ್ಟಾಗ ಹಾಳೆಯನ್ನು ತಿರುಗಿಸಲಿಲ್ಲ, ಸೀದಾ ನನ್ನ ಮುಖ ನೋಡಿದರು.

"ಎಲ್ಲ ಮನೆ ನಡೆದು ನೋಡಿದೆಯಾ?"

"ನೋಡಿದೆ ಸರ್."

ಅವರು ಕಿಸೆಯಿಂದ ಪೆನ್ನು ತೆಗೆದು, ಆ ಗುಳಿಬಿದ್ದ ಬೆರಳಿಗೆ ಒತ್ತಿ ಹಿಡಿದು, 'ಪರಿಶೀಲಿಸಿದೆ' ಎಂದು ದುಂಡಗೆ ಬರೆದು ಸಹಿ ಹಾಕಿದರು.

ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ, ಎರಡು ದಿನ ಬಿಡದೆ ಹೊಯ್ದ ಮಳೆಗೆ ಹೊಳೆ ಉಕ್ಕಿತು. ಬೆಳಿಗ್ಗೆ ಲ್ಯಾಬಿಗೆ ಬರುವಷ್ಟರಲ್ಲಿ ಆ ಊರಿನ ರಸ್ತೆ ನೀರಿನಡಿ ಇತ್ತು. ಊರಿನ ದೋಣಿಗಳೆಲ್ಲ ತೆಂಕು ತುದಿಯ ಜನರನ್ನು ಸಾಗಿಸುವುದರಲ್ಲಿದ್ದವು. ನಮ್ಮ ಪಟ್ಟಿಯ ಮನೆಗಳಿಗೆ ಹೋಗಲು ಹೊರಜಿಲ್ಲೆಯಿಂದ ರಬ್ಬರ್ ದೋಣಿಯ ತಂಡವೊಂದು ಬಂದಿತ್ತು. ಅವರಿಗೆ ಊರು ಗೊತ್ತಿಲ್ಲ, ತುಳು ಗೊತ್ತಿಲ್ಲ. ಕೈಯಲ್ಲಿದ್ದದ್ದು ನನ್ನ ನಕ್ಷೆ ಮಾತ್ರ.

ಒಂದೊಂದು ಮನೆ ಮುಟ್ಟಿದಾಗಲೂ ಫೋನಿಗೆ ಸಂದೇಶ ಬರುತ್ತಿತ್ತು. ಒಂದಾಯಿತು, ಐದಾಯಿತು, ಹನ್ನೊಂದಾಯಿತು. ನನಗೆ ಖುಷಿಯಿಂದ ಕಣ್ಣು ತುಂಬಿತು. ನಾನು ಎಳೆದ ಗೆರೆಯ ಮೇಲೆ ದೋಣಿ ಹೋಗುತ್ತಿದೆ, ಜನ ಉಳಿಯುತ್ತಿದ್ದಾರೆ. ಹತ್ತೊಂಬತ್ತನೆಯ ಸಂದೇಶ ಬಂತು: ಮನೆಗೆ ಬೀಗ ಹಾಕಿದೆ, ಯಾರೂ ಇಲ್ಲ. ನೆಂಟರ ಮನೆಗೆ ಹೋಗಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ.

"ಬೀಗವಾ?" ಎಂದರು ಮಾಸ್ಟ್ರು. "ಹಾಸಿಗೆ ಹಿಡಿದವಳು ಉಂಟಲ್ಲ, ಬೀಗ ಹೇಗೆ? ಯಾವ ಮನೆ ಅದು?"

"ಭಜನಾ ಮಂದಿರದ ಮೇಲಿನ ಮನೆ ಸರ್."

ಅವರು ಕುಂಟುತ್ತಾ ಬಂದು ನನ್ನ ಸ್ಕ್ರೀನಿಗೆ ಬಗ್ಗಿದರು. ಮೌಸ್ ಕಿತ್ತುಕೊಂಡು, ಯಾವತ್ತಿನ ಹಾಗೆ ನಕ್ಷೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿದರು. ಮೂಡು ಮೇಲೆ ಬಂತು. ಹೊಳೆಯ ಅಂಚಿನ ಆ ತೆಂಗಿನ ಮರಗಳ ಮನೆ ಬಂದು ಭಜನಾ ಮಂದಿರದ ನೇರ ಮೇಲೆ ನಿಂತಿತು.

ಕಾರ್ಕಳದ ಗುಡ್ಡಗಳಲ್ಲಿ ಬೆಳೆದ ನನಗೆ ಮೇಲೆ ಎಂದರೆ ಗುಡ್ಡದ ಮೇಲೆ. ಆ ಕಡಲಕರೆಯಲ್ಲಿ ಗುಡ್ಡ ಎಲ್ಲಿದೆ? ಅಲ್ಲಿಯವರ ಬಾಯಲ್ಲಿ ಮೇಲೆ ಎಂದರೆ ಮೂಡು, ಘಟ್ಟದ ದಿಕ್ಕು. ಕೆಳಗೆ ಎಂದರೆ ಪಡು, ಕಡಲಿನ ದಿಕ್ಕು. ನೆಲ ತಗ್ಗಿರಲಿ, ಎತ್ತರವಿರಲಿ, ಮಾತು ಬದಲಾಗುವುದಿಲ್ಲ. ಎರಡು ವರ್ಷ, ಬಂದ ದಿನವೆಲ್ಲ, ಮಾಸ್ಟ್ರು ನನ್ನ ಕಣ್ಣೆದುರೇ ಇದನ್ನು ತಿರುಗಿಸಿ ತೋರಿಸಿದ್ದರು.

ಆಮೇಲಿನ ಮೂರು ಗಂಟೆಯನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ತಂಡದವರ ಫೋನು ಹತ್ತುತ್ತಿಲ್ಲ, ಅವರು ಪಟ್ಟಿ ಮುಗಿಯಿತೆಂದು ಬೇರೆ ಊರಿಗೆ ಹೊರಟಾಗಿತ್ತು. ಆಶಾ ಕಾರ್ಯಕರ್ತೆಯ ಫೋನು ಸ್ವಿಚ್ ಆಫ್. ಕಚೇರಿಯವರು ಎತ್ತಿದರು, ಹೇಳುತ್ತೇವೆ ಎಂದರು, ಮತ್ತೆ ಮಾಡಿದಾಗ ಇನ್ಯಾರೋ ಎತ್ತಿ ಮೊದಲಿನಿಂದ ಹೇಳಿ ಎಂದರು. ಮಾಸ್ಟ್ರು ಒಂದು ಫೋನು, ನಾನೊಂದು. ನಮ್ಮ ಮುಂದೆ ಆ ಮನೆಯ ಚಿತ್ರ ಅಂಗಳದ ತುಳಸಿಕಟ್ಟೆ ಕಾಣುವಷ್ಟು ಸ್ಪಷ್ಟವಾಗಿತ್ತು. ಬಾವಿಯೂ ಕಾಣುತ್ತಿತ್ತು. ಬೇಸಿಗೆಯಲ್ಲಿ ತೆಗೆದ ಚಿತ್ರ, ಅಂಗಳ ಒಣಗಿ ಬೆಳ್ಳಗಿತ್ತು. ಆ ಅಂಗಳಕ್ಕೆ ಒಂದು ಮಾತು ಮುಟ್ಟಿಸಲು ನಮ್ಮಿಂದ ಆಗಲಿಲ್ಲ. ನಾನು ಅಳುತ್ತಾ ಚುಕ್ಕೆಯನ್ನು ಎಳೆದು ಸರಿಯಾದ ಮನೆಯ ಮೇಲೆ ಇಟ್ಟೆ. "ಈಗ ಇಟ್ಟು ಎಂತ ಮಾಡುದು?" ಎಂದರು ಮಾಸ್ಟ್ರು. ಬೈಗುಳವಲ್ಲ, ನಿಜವಾಗಿ ಕೇಳಿದ್ದು.

ಮಧ್ಯಾಹ್ನದ ಮೇಲೆ ಊರಿನದೇ ಒಂದು ದೋಣಿ ಅತ್ತ ಹೋಗಿ ಗಂಡ ಹೆಂಡತಿ ಇಬ್ಬರನ್ನೂ ಕರೆತಂದಿತು. ಆಕೆಯ ಹಾಸಿಗೆಗೆ ನೀರು ಮುಟ್ಟಿತ್ತು. ಆಕೆ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು.

ನೀರು ಇಳಿದು, ಸೂತಕವೂ ಕಳೆದ ಮೇಲೆ ಮಾಸ್ಟ್ರು ನನ್ನನ್ನು ಆ ಮನೆಗೆ ಕರೆದುಕೊಂಡು ಹೋದರು. ಬಸ್ಸಿಳಿದು ಅರ್ಧ ಮೈಲಿ ಮರಳಿನಲ್ಲಿ ನಡೆಯಬೇಕು. ಮೂರು ಕಡೆ ಕೂತು ಕೂತು ನಡೆದರು, ರಿಕ್ಷಾ ಬೇಡವೆಂದರು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ನೀರಿನ ಗುರುತಿತ್ತು. ಆಕೆಯ ಗಂಡ, ಆ ಅಜ್ಜ, ಜಗಲಿಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದರು, ನಮ್ಮನ್ನು ನೋಡಿ ಮಣೆ ಕೊಟ್ಟರು.

"ಈ ಮನೆಗೆ ಮೇಲಿನ ಮನೆ ಅಂತ ಯಾಕೆ ಹೇಳುದು?" ಎಂದು ಮಾಸ್ಟ್ರು ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು. ನನಗೆ ಕೇಳಿಸಬೇಕಿತ್ತು.

"ಮೂಡಿಗೆ ಉಂಟಲ್ಲ, ಹಾಗೆ" ಎಂದರು ಅಜ್ಜ. ಸ್ವಲ್ಪ ಹೊತ್ತು ಬಲೆಯ ಕಣ್ಣು ಕಟ್ಟಿ, ತಾವಾಗಿಯೇ ಹೇಳಿದರು. "ದೋಣಿ ಬಂದಿತ್ತು. ನಾನು ಕಿಟಕಿಯಿಂದ ನೋಡಿದ್ದೇನೆ. ಬಡಗಿನ ಮನೆಯ ಅಂಗಳದಲ್ಲಿ ನಿಂತು ಕರೀತಾ ಇದ್ರು. ಆ ಮನೆಯವರು ಇರುದು ಮುಂಬಯಿಯಲ್ಲಿ. ನಾನು ಬೊಬ್ಬೆ ಹಾಕಿದೆ. ಆ ಮಳೆಗೆ ಯಾರಿಗೆ ಕೇಳ್ತದೆ? ಕಾಗದ ನೋಡಿದ್ರು, ಹಿಂದೆ ಹೋದ್ರು. ನಾನು ಇವಳಿಗೆ ಹೇಳಿದೆ, ಈಗ ಬರ್ತಾರೆ ಅಂತ."

ನಾನು ಎದ್ದು ಅವರ ಕಾಲ ಹತ್ತಿರ ಕೂತೆ. ಆ ಕಾಗದ ಬರೆದವಳು ನಾನೇ, ನಾನು ಇಲ್ಲಿಗೆ ಬರಲೇ ಇಲ್ಲ, ಬಂದೆನೆಂದು ಸುಳ್ಳು ಬರೆದೆ ಎಂದು ತುಳುವಿನಲ್ಲಿ ಹೇಳಿದೆ. ಹೇಳುವಾಗ ಲೇಯರು, ಚುಕ್ಕೆ, ಕಾಲಮ್ಮು ಎಂದು ಏನೇನೋ ಬಂದುಹೋಯಿತು. ಅಜ್ಜ ತಲೆ ಓರೆ ಮಾಡಿ ಕೇಳಿದರು.

"ಕಂಪ್ಯೂಟರಿನಲ್ಲಿ ತಪ್ಪಾಯ್ತಾ?"

"ಅಲ್ಲ ಅಜ್ಜ, ಕಂಪ್ಯೂಟರಿನದ್ದಲ್ಲ. ನನ್ನದು. ನಾನು ಸುಳ್ಳು..."

"ಇರ್ಲಿ ಮಗಾ. ಯಂತ್ರ ತಪ್ಪು ಮಾಡಿದ್ರೆ ನೀವು ಎಂತ ಮಾಡುದು? ಅಳಬೇಡ." ಒಳಗೆ ಹೋಗಿ ಇಬ್ಬರಿಗೂ ಬೆಲ್ಲ ನೀರು ತಂದರು. ನಾನು ಇನ್ನೊಮ್ಮೆ ಹೇಳಿದೆ. ಅವರು ಇನ್ನೊಮ್ಮೆ ಯಂತ್ರವನ್ನು ಕ್ಷಮಿಸಿದರು. ಸಹಾಯಕ್ಕೆ ಮಾಸ್ಟ್ರ ಕಡೆ ನೋಡಿದೆ. ಅವರು ಲೋಟ ಹಿಡಿದುಕೊಂಡು ಹೊಳೆ ನೋಡುತ್ತಿದ್ದರು.

ಹಿಂದಿರುಗುವಾಗ ಬಸ್‌ಸ್ಟಾಪಿನಲ್ಲಿ ಅವರು ಹೇಳಿದ್ದು ಇಷ್ಟೇ: "ನಾನು ಕೇಳಿದೆ, ನೀನು ಹೇಳಿದೆ. ಇಬ್ಬರೂ ನಡೆಯಲಿಲ್ಲ."

ಬೇರೆ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಹದಿನೆಂಟು ಮನೆ ಉಳಿಸಿದ ನಕ್ಷೆ ಎಂದು ತಾಲೂಕು ಕಚೇರಿಯ ಒಂದು ಸಭೆಯಲ್ಲಿ ನಮ್ಮನ್ನು ಹೊಗಳಿದರು ಕೂಡ. ಮಾಸ್ಟ್ರು ಎದ್ದು ನಿಂತು, ಸ್ಥಳ ನೋಡದೆ ಸಹಿ ಹಾಕಿದ್ದೇನೆ, ಒಬ್ಬರು ಹೋಗಿದ್ದಾರೆ ಎಂದರು. ಆಗಲಿ, ಮುಂದೆ ಸರಿಮಾಡಿಕೊಳ್ಳೋಣ ಎಂದು ಅಧಿಕಾರಿಗಳು ಮುಂದಿನ ವಿಷಯಕ್ಕೆ ಹೋದರು. ಮಾಸ್ಟ್ರು ಸ್ವಲ್ಪ ಹೊತ್ತು ನಿಂತೇ ಇದ್ದರು, ಆಮೇಲೆ ಕೂತರು. ನಾನು ಪಕ್ಕದಲ್ಲೇ ಇದ್ದೆ, ಏಳಲಿಲ್ಲ. ಕಾಲು ಬರಲಿಲ್ಲ ಎಂದು ಹೇಳಿಕೊಳ್ಳಬಹುದು. ಅವರಿಗೆ ಮೊಣಕಾಲು ಕೆಟ್ಟಿತ್ತು, ನನಗೆ ಏನಾಗಿತ್ತು?

ಅನಂತರ ಅವರು ನಕ್ಷೆ ತಿರುಗಿಸುವುದನ್ನು ಬಿಟ್ಟರು. ಬಂದು ಕೂತು, ಬಡಗು ಮೇಲಿದ್ದರೆ ಹಾಗೆಯೇ ಪಾಠ ಮಾಡುತ್ತಿದ್ದರು. ಅವರು ಬರುವ ಮೊದಲೇ ನಾನು ತಿರುಗಿಸಿಟ್ಟರೆ, "ಇರ್ಲಿ ಬಿಡು, ಎಲ್ಲರಿಗೂ ಹೇಗೆ ಅಭ್ಯಾಸವೋ ಹಾಗೆ ಇರ್ಲಿ" ಎನ್ನುತ್ತಿದ್ದರು. ನಡೆದು ನೋಡಿದೆಯಾ ಎಂದು ಹೊಸ ಹುಡುಗಿಯರನ್ನು ಕೇಳುತ್ತಿದ್ದರು, ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ನಾನು ಈಗ ಎಲ್ಲ ಕಡೆ ನಡೆಯುತ್ತಿದ್ದೆ, ಕೆಸರು ಮೆತ್ತಿದ ಚಪ್ಪಲಿಯಲ್ಲೇ ಲ್ಯಾಬಿಗೆ ಬರುತ್ತಿದ್ದೆ, ಕೇಳಲಿ ಎಂದು. ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಮರುವರ್ಷ ಅವರ ಕಿಡ್ನಿ ಕೈಕೊಟ್ಟಿತು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ, ಕಿಟಕಿಯೇ ಇಲ್ಲದ ಒಂದು ವಾರ್ಡಿನಲ್ಲಿ ಮಲಗಿಸಿದ್ದರು. ನಾನು ಹೋದಾಗ ಅವರ ಹೆಂಡತಿ ಹೊರಗೆ ಔಷಧಿಗೆ ಹೋಗಿದ್ದರು. ಮೈ ಅರ್ಧಕ್ಕಿಳಿದಿತ್ತು. ಬೆರಳಿನ ಗುಳಿ ಮಾತ್ರ ಹಾಗೆಯೇ ಇತ್ತು, ಅದೇ ಕಪ್ಪು. ಕಣ್ಣು ತೆರೆಯದೆ ಕೇಳಿದರು.

"ನನ್ನ ತಲೆ ಯಾವ ಬದಿಗೆ ಉಂಟು ಮಾರಾಯ್ತಿ? ಇಲ್ಲಿ ತಂದು ಎಷ್ಟು ಸಲ ತಿರುಗಿಸಿದ್ರೋ ಏನೋ. ಕಡಲು ಯಾವ ಕಡೆ?"

ನನಗೆ ಗೊತ್ತಿರಲಿಲ್ಲ. ಲಿಫ್ಟು ಹತ್ತಿ, ನಾಲ್ಕು ಓಣಿ ತಿರುಗಿ ಬಂದಿದ್ದೆ. ಫೋನಿನ ದಿಕ್ಸೂಚಿ ತೆರೆದೆ. ಸುತ್ತ ಕಬ್ಬಿಣದ ಮಂಚ, ಯಂತ್ರ. ಮುಳ್ಳು ಒಮ್ಮೆ ಅತ್ತ, ಒಮ್ಮೆ ಇತ್ತ. ಏನೋ ಒಂದು ಹೇಳಿಬಿಡಬಹುದಿತ್ತು. ಮಲಗಿದವರಿಗೆ ಯಾವ ದಿಕ್ಕು ಹೇಳಿದರೂ ಸಮಾಧಾನವೇ.

"ಒಂದು ಐದು ನಿಮಿಷ ಸರ್" ಎಂದು ಎದ್ದೆ. ಬಾಗಿಲಿನಿಂದ ಹೆಜ್ಜೆ ಲೆಕ್ಕ ಹಿಡಿದು, ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಮೆಟ್ಟಿಲು ಇಳಿದು ಹೊರಗೆ ಬಂದೆ. ನಾಲ್ಕೂವರೆಯ ಬಿಸಿಲು. ಸೂರ್ಯ ಎಲ್ಲಿದ್ದಾನೆಂದು ನೋಡಿಕೊಂಡೆ. ಅದೇ ಹೆಜ್ಜೆಗಳನ್ನು ಹಿಂದಕ್ಕೆ ಹಾಕುತ್ತಾ ಮೇಲೆ ಬಂದೆ. ಅನುಮಾನ ಬಂದು ಇನ್ನೊಂದು ಸಲ ಇಳಿದು ಹತ್ತಿದೆ. ಮಂಚದ ಹತ್ತಿರ ಬಂದಾಗ ಏದುಸಿರು ಬರುತ್ತಿತ್ತು.

"ತಲೆ ಮೂಡಿಗೆ ಉಂಟು ಸರ್. ಕಾಲು ಪಡುವಿಗೆ, ಕಡಲಿನ ಕಡೆಗೆ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಒಂದು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಆಗ ಬಂತು.

"ನಡೆದು ನೋಡಿದೆಯಾ?"

"ನೋಡಿದೆ ಸರ್."

ಬಾಯಿಂದ ಹೊರಟ ಮೇಲೆ ಗೊತ್ತಾಯಿತು, ಆವತ್ತು ನಕ್ಷೆ ಮುಂದಿಟ್ಟು ಹೇಳಿದ್ದೂ ಇದೇ ಎರಡು ಮಾತು, ಇದೇ ಧ್ವನಿ. ಇನ್ನೇನಾದರೂ ಸೇರಿಸಬೇಕೆಂದು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಎರಡು ದಿನ ಬಿಟ್ಟು ಬೆಳಿಗ್ಗೆ ಹೋದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.